ಕೊಡಗಿನ ಮನೆಯಿಂದ ಹಿಂದೂ ಮಹಾಸಾಗರ ದಾಟಿ: ಸಿಮ್ಯುಲೇಟರ್‌ನಲ್ಲಿ ಬೆಂಗಳೂರು–ಪರ್ತ್ ಹಾರಾಟದ ಸಮಗ್ರ ಮಾರ್ಗದರ್ಶಿ

ಮನೆಯ ಸಿಮ್ಯುಲೇಟರ್‌ನಲ್ಲಿ ಕಣ್ಣೂರು, ಮಂಗಳೂರು, ಮೈಸೂರು ಎಂದು ಹಾರಿಸಿ ಕೈ ಕುದುರಿದವರು ಒಂದು ದಿನ ಸಮುದ್ರ ದಾಟುವ ಆಸೆಗೆ ಬೀಳುತ್ತಾರೆ. ಏರಿಸಲು, ಇಳಿಸಲು ಅವರಿಗೆ ಬರುತ್ತದೆ. ಆದರೆ ನಡುನೀರಿನಲ್ಲಿ ಇಂಧನ ಮುಗಿಯುತ್ತದೆ, ಇಲ್ಲವೇ ವಿಮಾನ ತಾನಾಗಿ ಯಾವುದೋ ದಿಕ್ಕಿಗೆ ತಿರುಗುತ್ತದೆ, ಇಲ್ಲವೇ ಕರೆಂಟು ಹೋಗಿ ಐದು ಗಂಟೆಯ ಶ್ರಮ ನೀರುಪಾಲಾಗುತ್ತದೆ. ಮೂರಕ್ಕೂ ಪರಿಹಾರ ಹೊರಡುವ ಮೊದಲಿನ ಯೋಜನೆಯಲ್ಲೇ ಇದೆ. ಸಾಗರದ ಮೇಲೆ ಯಾವ ಗಳಿಗೆಯಲ್ಲಿ ಕೇಳಿದರೂ ಎರಡು ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಸಿದ್ಧವಿರಬೇಕು: ಈಗ ಒಂದು ಎಂಜಿನ್ ನಿಂತರೆ ಎಲ್ಲಿಗೆ ಹೋಗುತ್ತೀರಿ, ಅಲ್ಲಿಗೆ ಹೋಗಲು ಇಂಧನ ಸಾಕೇ? ಕೆಳಗಿನ ಲೆಕ್ಕಗಳೆಲ್ಲ ಈ ಎರಡು ಪ್ರಶ್ನೆಗಾಗಿಯೇ ಇವೆ.

ಯಾವ ದಾರಿ, ಯಾವ ವಿಮಾನ

ಮೊದಲ ಹಾರಾಟಕ್ಕೆ ಬೆಂಗಳೂರು–ಪರ್ತ್ ದಾರಿಯನ್ನೇ ಹಿಡಿಯಿರಿ. ನೇರ ದೂರ ಸುಮಾರು 3,490 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್; ಮುಂದೆ ಬರುವ ಮೈಲಿಗಳೆಲ್ಲ ಇವೇ). ಬೆಂಗಳೂರಿನಿಂದ ಆಗ್ನೇಯಕ್ಕೆ ಹೊರಟ ಗೆರೆ ತಮಿಳುನಾಡಿನ ನಾಗಪಟ್ಟಣಂ ಹತ್ತಿರ ಕರಾವಳಿ ಬಿಟ್ಟು, ಶ್ರೀಲಂಕಾದ ಟ್ರಿಂಕೋಮಲಿಯನ್ನು ಸವರಿಕೊಂಡು, 88 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿ ಸಮಭಾಜಕ ವೃತ್ತ ದಾಟುತ್ತದೆ. ಈ ದಾರಿಯನ್ನೇ ಆರಿಸಲು ಕಾರಣ ಮುಂದಿನದು: ಸುಮಾರು 1,900 ಮೈಲಿಯಾದ ಮೇಲೆ ಆಸ್ಟ್ರೇಲಿಯಾಕ್ಕೆ ಸೇರಿದ ಕೋಕೋಸ್ ದ್ವೀಪಗಳ ಪಕ್ಕದಲ್ಲೇ, ಇಪ್ಪತ್ತು ಮೈಲಿ ಅಂತರದಲ್ಲಿ, ನೀವು ಹಾದುಹೋಗುತ್ತೀರಿ. ಅಲ್ಲಿ ಸುಮಾರು 2,400 ಮೀಟರ್ ಉದ್ದದ ರನ್‌ವೇ ಇದೆ. ಸುತ್ತ ನೂರಾರು ಮೈಲಿ ನೀರಿರುವ ಕಡೆ, ಹಾರಾಟದ ಸರಿಸುಮಾರು ನಡುವಿನಲ್ಲಿ, ಇಳಿಯಲು ಒಂದು ಜಾಗ. ಕಲಿಯುವವರಿಗೆ ಇಷ್ಟು ಒಳ್ಳೆಯ ಸಾಗರ ದಾರಿ ಭಾರತದಿಂದ ಬೇರೆ ಸಿಗುವುದು ಕಷ್ಟ.

ಕ್ವಾಂಟಾಸ್ 2022ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಬೆಂಗಳೂರು–ಸಿಡ್ನಿ ಮಾರ್ಗ ಇದಕ್ಕಿಂತ ಉದ್ದ, ಸುಮಾರು 5,050 ಮೈಲಿ. ಅದನ್ನು ಎರಡನೇ ಹಂತಕ್ಕೆ ಇಟ್ಟುಕೊಳ್ಳಿ. ಎಂಟು ಗಂಟೆ ಕೂರುವ ಮೊದಲು ಒಂದು ಸಣ್ಣ ತಾಲೀಮು ಬೇಕೆನ್ನುವವರಿಗೆ ಕಣ್ಣೂರು–ಮಾಲೆ ಇದೆ: ಸುಮಾರು 480 ಮೈಲಿ, ಒಂದೂಕಾಲು ಗಂಟೆ, ಬಹುಪಾಲು ನೀರಿನ ಮೇಲೆಯೇ. ಇಲ್ಲಿ ಹೇಳಿದ ಪ್ರತಿ ಹೆಜ್ಜೆಯನ್ನೂ ಆ ಚಿಕ್ಕ ಹಾರಾಟದಲ್ಲಿ ಒಮ್ಮೆ ಮಾಡಿ ನೋಡಬಹುದು.

ವಿಮಾನಕ್ಕೆ ಏರ್‌ಬಸ್ ಎ330-300 ಹಿಡಿದಿದ್ದೇವೆ, ಏಕೆಂದರೆ ಎಕ್ಸ್-ಪ್ಲೇನ್ 12ರ ಜೊತೆಗೇ ಅದು ಬರುತ್ತದೆ, ಬೇರೆ ಕೊಳ್ಳಬೇಕಿಲ್ಲ. ಬೋಯಿಂಗ್ 777 ಅಥವಾ 787 ಇರುವವರು ಅಂಕಿ ಬದಲಿಸಿಕೊಂಡರೆ ಸಾಕು, ಕ್ರಮ ಅದೇ. ಸಿಮ್ಯುಲೇಟರ್ ಆರಿಸುವ ಮೊದಲು ನಿಮ್ಮ ಇಂಟರ್ನೆಟ್ ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಬಹುಪಾಲು ಸಾಮಗ್ರಿಯನ್ನು ಇಂಟರ್ನೆಟ್‌ನಿಂದಲೇ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತಂತಿ ತುಂಡಾಗುವ ಊರುಗಳಲ್ಲಿ ಅದು ಸರಿಹೋಗದು. ಎಲ್ಲವನ್ನೂ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಎಕ್ಸ್-ಪ್ಲೇನ್, ಅಥವಾ 2020ರ ಮೈಕ್ರೋಸಾಫ್ಟ್ ಆವೃತ್ತಿ, ಇಲ್ಲಿ ಮೇಲು.

ದಾರಿಯನ್ನು ಕೂರಿಸುವುದು

ಸಿಮ್ಯುಲೇಟರ್‌ನ ಒಳಗಿನ ಯೋಜಕವನ್ನು ಬಿಟ್ಟು ಸಿಮ್‌ಬ್ರೀಫ್ ಎಂಬ ಹಾರಾಟ ಯೋಜನೆಯ ಜಾಲತಾಣ ಬಳಸಿ. ಉಚಿತ ಖಾತೆಯಲ್ಲೂ ಅದು ಆ ಹೊತ್ತಿನ ನಿಜವಾದ ಮೇಲ್ಗಾಳಿಯನ್ನು ಹಿಡಿದು ಲೆಕ್ಕ ಕೊಡುತ್ತದೆ. ನಕ್ಷೆಗೆ ಲಿಟಲ್ ನ್ಯಾವ್‌ಮ್ಯಾಪ್ ಸಾಕು. ಸಿಮ್‌ಬ್ರೀಫ್ ಕೊಟ್ಟ ಹಾಳೆಯನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. ಸಾಧ್ಯವಾದರೆ ಮುದ್ರಿಸಿ ಇಟ್ಟುಕೊಳ್ಳಿ.

ಭೂಮಿಯ ಮೇಲಿನ ಭಾಗಕ್ಕೆ ಸಿಮ್‌ಬ್ರೀಫ್ ಕೊಡುವ ವಾಯುಮಾರ್ಗವೇ ಇರಲಿ. ಸಾಗರದ ಭಾಗವನ್ನು ಅಕ್ಷಾಂಶ-ರೇಖಾಂಶದ ಬಿಂದುಗಳಿಂದ ನೀವೇ ಕಟ್ಟಿ ಕಲಿಯುವುದು ಒಳ್ಳೆಯದು. ನೇರ ಗೆರೆಗೆ ಹತ್ತಿರದ ಪೂರ್ಣ ಡಿಗ್ರಿಗಳು ಇವು: 1 ಉತ್ತರ 87 ಪೂರ್ವ, 6 ದಕ್ಷಿಣ 92 ಪೂರ್ವ, ಕೋಕೋಸ್, 18 ದಕ್ಷಿಣ 102 ಪೂರ್ವ, 25 ದಕ್ಷಿಣ 108 ಪೂರ್ವ, ಪರ್ತ್.

ಇವನ್ನು ವಿಮಾನದ ಎಂಸಿಡಿಯುನಲ್ಲಿ, ಅಂದರೆ ದಾರಿ ತುಂಬಿಸುವ ಕೀಲಿಮಣೆ-ಪರದೆಯಲ್ಲಿ, ಐದು ಅಕ್ಷರದ ಚುಟುಕು ರೂಪದಲ್ಲಿ ಬರೆಯುವಾಗ ಎಚ್ಚರ ಬೇಕು. ಮೊದಲು ಅಕ್ಷಾಂಶದ ಎರಡಂಕಿ, ಆಮೇಲೆ ರೇಖಾಂಶದ ಕೊನೆಯ ಎರಡಂಕಿ, ಜೊತೆಗೆ ಒಂದು ಅಕ್ಷರ. ಉತ್ತರ-ಪೂರ್ವಕ್ಕೆ ಇ, ದಕ್ಷಿಣ-ಪೂರ್ವಕ್ಕೆ ಎಸ್, ಉತ್ತರ-ಪಶ್ಚಿಮಕ್ಕೆ ಎನ್, ದಕ್ಷಿಣ-ಪಶ್ಚಿಮಕ್ಕೆ ಡಬ್ಲ್ಯು. ರೇಖಾಂಶ 100ಕ್ಕಿಂತ ಕಡಿಮೆಯಿದ್ದರೆ ಅಕ್ಷರ ಕೊನೆಗೆ ಬರುತ್ತದೆ, 100 ಅಥವಾ ಹೆಚ್ಚಿದ್ದರೆ ಅಂಕಿಗಳ ನಡುವೆ. ಹಾಗಾಗಿ ಮೊದಲ ಬಿಂದು 0187ಇ, ಎರಡನೆಯದು 0692ಎಸ್, ಕೋಕೋಸ್ ಆದ ಮೇಲಿನವು 18ಎಸ್02 ಮತ್ತು 25ಎಸ್08. ಕೊನೆಯದನ್ನು 2508ಎಸ್ ಎಂದು ಬರೆದರೆ ಅದು 8 ಡಿಗ್ರಿ ಪೂರ್ವ ಎಂದಾಗಿ, ಬಿಂದು ನಮೀಬಿಯಾದಾಚೆ ಅಟ್ಲಾಂಟಿಕ್ ಸಾಗರದಲ್ಲಿ ಹೋಗಿ ಕೂರುತ್ತದೆ. ಆಟೋಪೈಲಟ್ ಏನೂ ಕೇಳದೆ ಪಶ್ಚಿಮಕ್ಕೆ ತಿರುಗುತ್ತದೆ, ಅದೂ ಹೊರಟು ಐದು ಗಂಟೆಯಾದ ಮೇಲೆ, ನೀವು ಊಟಕ್ಕೆ ಎದ್ದಿರುವಾಗ. ತಡೆಯುವ ದಾರಿ ಸರಳ: ಪ್ರತಿ ಬಿಂದುವಿನ ನಡುವಿನ ದಿಕ್ಕು ಮತ್ತು ದೂರವನ್ನು ಮುದ್ರಿತ ಹಾಳೆಯೊಂದಿಗೆ ಹೊರಡುವ ಮೊದಲೇ ಹೋಲಿಸಿ. ಈ ದಾರಿಯಲ್ಲಿ ನಿಜದಿಕ್ಕು ಆದ್ಯಂತ 140 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಎಲ್ಲಾದರೂ 250, 260 ಕಂಡರೆ ಅಲ್ಲಿ ತಪ್ಪಿದೆ.

ಇಂಧನ

ಸಾಗರ ಹಾರಾಟಕ್ಕೆ ಟ್ಯಾಂಕು ತುಂಬಿಸಿಬಿಡುವುದು ಹಲವರ ರೂಢಿ. ಅದು ತಪ್ಪು. ಹೆಚ್ಚುವರಿ ಇಂಧನವನ್ನು ಹೊತ್ತೊಯ್ಯಲೂ ಇಂಧನ ಸುಡುತ್ತದೆ, ಏರುವ ಎತ್ತರ ಕಡಿಮೆಯಾಗುತ್ತದೆ, ಇಳಿಯುವ ತೂಕ ಮಿತಿ ಮೀರಬಹುದು. ಲೆಕ್ಕ ಹೀಗೆ ಹಾಕಿ.

ಬಳಸುದಾರಿ ಸೇರಿ ಸುಮಾರು 3,600 ಮೈಲಿ, ಗಾಳಿಯಲ್ಲಿ 7 ಗಂಟೆ 50 ನಿಮಿಷ ಎಂದಿಟ್ಟುಕೊಳ್ಳಿ. ಎ330-300 ಸರಾಸರಿ ಗಂಟೆಗೆ 5.8 ಟನ್ ಸುಡುತ್ತದೆ ಎಂದು ಹಿಡಿದರೆ:

ಪ್ರಯಾಣಕ್ಕೆ 45.5 ಟನ್
ಅನಿರೀಕ್ಷಿತಕ್ಕೆ ಶೇ. 5, ಅಂದರೆ 2.3 ಟನ್
ಬದಲಿ ನಿಲ್ದಾಣಕ್ಕೆ 8 ಟನ್
ಕೊನೆಯ ಮೀಸಲು, 1,500 ಅಡಿಯಲ್ಲಿ 30 ನಿಮಿಷ ಸುತ್ತಲು, 2.5 ಟನ್
ನೆಲದ ಮೇಲೆ ಓಡಾಡಲು 0.5 ಟನ್
ಸಮಭಾಜಕದ ಮೋಡ ಬಳಸಲು 1.5 ಟನ್

ಒಟ್ಟು 60.3 ಟನ್. ಇಂಧನವಿಲ್ಲದ ತೂಕ 160 ಟನ್ ಆದರೆ ಏರುವಾಗ 219.8, ಇಳಿಯುವಾಗ 174.3 ಟನ್. ಎ330-300ರ ಇಳಿಯುವ ಮಿತಿ 187 ಟನ್ ಆಸುಪಾಸು, ಹಾಗಾಗಿ ನಿರಾಳ.

ಬದಲಿ ನಿಲ್ದಾಣಕ್ಕೆ ಎಂಟು ಟನ್ ಯಾಕೆ ಎಂದು ಕೇಳಬಹುದು. ಪರ್ತ್ ಸುತ್ತ ದೊಡ್ಡ ವಿಮಾನ ಇಳಿಸಬಹುದಾದ ನಾಗರಿಕ ನಿಲ್ದಾಣಗಳು ತೀರ ವಿರಳ. ಇಲ್ಲಿ ಹಿಡಿದಿರುವ ಲಿಯರ್‌ಮಂತ್ ಉತ್ತರಕ್ಕೆ ಸುಮಾರು 590 ಮೈಲಿ, ಒಂದೂವರೆ ಗಂಟೆಯ ಹಾರಾಟ. 2008ರ ಅಕ್ಟೋಬರ್ 7ರಂದು ಸಿಂಗಾಪುರದಿಂದ ಪರ್ತ್‌ಗೆ ಬರುತ್ತಿದ್ದ ಕ್ವಾಂಟಾಸ್ 72, ಅದೂ ಎ330-300, ಹಠಾತ್ತನೆ ಮೂಗು ಕೆಳಗೆ ಮಾಡಿ ಹಲವರು ಗಾಯಗೊಂಡಾಗ ತುರ್ತಾಗಿ ಇಳಿದದ್ದು ಲಿಯರ್‌ಮಂತ್‌ನಲ್ಲೇ. ಹವಾಮಾನ ಚೆನ್ನಾಗಿದ್ದರೆ ಆಸ್ಟ್ರೇಲಿಯಾದ ನಿಯಮದಲ್ಲಿ ಬದಲಿ ನಿಲ್ದಾಣ ಕಡ್ಡಾಯವೇನಲ್ಲ. ಆದರೂ ಕಲಿಯುವ ಹಂತದಲ್ಲಿ ಈ ಎಂಟು ಟನ್ ಬಿಡಬೇಡಿ.

ಈಗ ಎಲ್ಲಕ್ಕಿಂತ ಹೆಚ್ಚು ಹಾರಾಟ ಕೆಡಿಸುವ ತಪ್ಪು. ಹಾಳೆ ಕಿಲೋದಲ್ಲಿ, ಸಿಮ್ಯುಲೇಟರ್‌ನ ತೂಕದ ಪುಟ ಪೌಂಡಿನಲ್ಲಿ. 60,300 ಎಂದು ಹಾಗೇ ಬರೆದರೆ ಟ್ಯಾಂಕಿಗೆ ಬೀಳುವುದು 27.4 ಟನ್ ಮಾತ್ರ. ಕೋಕೋಸ್ ತಲುಪುವ ಹೊತ್ತಿಗೆ ಸುಡುವುದೇ ಸುಮಾರು 25.8 ಟನ್, ಅಂದರೆ ದ್ವೀಪ ಕಣ್ಣಿಗೆ ಬೀಳುವಾಗ ಟ್ಯಾಂಕು ಬಹುತೇಕ ಬರಿದು. ಸರಿಯಾದ ಪೌಂಡ್ ಅಂಕಿ ಸುಮಾರು 1,33,000. ಎಂಜಿನ್ ಶುರು ಮಾಡುವ ಮೊದಲು ಇಂಧನದ ಪರದೆಯಲ್ಲಿ ಕಾಣುವ ಅಂಕಿಯನ್ನು ಹಾಳೆಯ ಪಕ್ಕದಲ್ಲಿ ಬರೆದುಕೊಳ್ಳಿ.

ಗಾಳಿ ಮತ್ತು ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕೊಡಗಿನಲ್ಲಿ ಕೆಳಮಟ್ಟದ ಗಾಳಿ ಪಡುವಣದಿಂದ ಮಳೆ ಹೊತ್ತು ತರುವಾಗ, ಮೇಲೆ ವಿಮಾನ ಹಾರುವ ಮಟ್ಟದಲ್ಲಿ ಗಾಳಿ ಪೂರ್ತಿ ತಿರುಗಿ ಮೂಡಣದಿಂದ ಬೀಸುತ್ತದೆ. ಉಷ್ಣವಲಯದ ಪೂರ್ವ ಜೆಟ್ ಎಂದರೆ ಇದೇ. 50 ನಾಟ್ (ಗಂಟೆಗೆ 50 ನಾಟಿಕಲ್ ಮೈಲಿ) ಮೂಡಣ ಗಾಳಿ ಆಗ್ನೇಯಕ್ಕೆ ಹೋಗುವ ನಿಮಗೆ ಸುಮಾರು 30 ನಾಟ್ ಎದುರುಗಾಳಿಯಾಗುತ್ತದೆ. ಎರಡು ಗಂಟೆ ಹೀಗೆ ಹೋದರೆ 60 ಮೈಲಿ ಹಿಂದೆ ಬೀಳುತ್ತೀರಿ, ಮುಕ್ಕಾಲು ಟನ್ ಇಂಧನ ಹೆಚ್ಚು ಹೋಗುತ್ತದೆ. ಇದೇ ತಿಂಗಳುಗಳಲ್ಲಿ ದಕ್ಷಿಣಾರ್ಧದಲ್ಲಿ ಚಳಿಗಾಲ. 20 ಡಿಗ್ರಿ ದಕ್ಷಿಣ ದಾಟಿದ ಮೇಲೆ ಪಶ್ಚಿಮದ ಜೆಟ್ ಸಿಗುತ್ತದೆ, 80 ನಾಟ್ ಇದ್ದರೆ ಸುಮಾರು 50 ನಾಟ್ ನಿಮ್ಮ ಬೆನ್ನಿಗೆ ಬರುತ್ತದೆ. ಮೊದಲ ಅರ್ಧದಲ್ಲಿ ಇಂಧನ ಹಾಳೆಗಿಂತ ಕಡಿಮೆ ಕಂಡು ಗಾಬರಿಯಾಗುವವರು ಇದನ್ನು ತಿಳಿದಿರಬೇಕು.

ಅದಕ್ಕೇ ಪ್ರತಿ ಬಿಂದುವಿನ ಗಾಳಿಯನ್ನೂ ಎಂಸಿಡಿಯುಗೆ ತುಂಬಬೇಕು. ಇಡೀ ದಾರಿಗೆ ಒಂದೇ ಸರಾಸರಿ ಗಾಳಿ ಹಾಕಿದರೆ ತಲುಪುವ ಹೊತ್ತಿನ ಅಂಕಿ ಸರಿಯಿದ್ದೀತು, ನಡುವಿನ ಯಾವ ಅಂಕಿಯೂ ಸರಿಯಿರದು.

ಎತ್ತರದ ಲೆಕ್ಕ: ಮೂಡಣಕ್ಕೆ ಹೋಗುವವರಿಗೆ ಬೆಸ ಸಂಖ್ಯೆಯ ಮಟ್ಟಗಳು, 35, 37, 39 ಸಾವಿರ ಅಡಿ. 220 ಟನ್ನಿಗೆ 35,000 ಅಡಿಯಲ್ಲಿ ಶುರುಮಾಡಿ. ಇನ್ನೆರಡು ಸಾವಿರ ಅಡಿ ಲಾಭದಲ್ಲಿ ಏರಬೇಕಾದರೆ ತೂಕ ಶೇ. 9ರಷ್ಟು, ಇಲ್ಲಿ ಸುಮಾರು 20 ಟನ್, ಇಳಿದಿರಬೇಕು. ಅಂದರೆ ಮೂರೂವರೆ ಗಂಟೆ, ಕೋಕೋಸ್‌ಗೆ ತುಸು ಮೊದಲು. ಎಂಸಿಡಿಯುನ ಪ್ರೋಗ್ ಪುಟದ ಆಪ್ಟ್ (ಅತಿ ಲಾಭದ ಎತ್ತರ) ಅಂಕಿ 37,000ದ ಹತ್ತಿರ ಬರುವವರೆಗೆ ಕಾಯಿರಿ. ರೆಕ್ ಮ್ಯಾಕ್ಸ್ (ಏರಬಹುದಾದ ಗರಿಷ್ಠ ಎತ್ತರ) ಅನುಮತಿಸಿತೆಂದು ಬೇಗ ಏರಿದರೆ ವೇಗದ ಮೇಲಿನ ಮತ್ತು ಕೆಳಗಿನ ಮಿತಿಗಳು ಹತ್ತಿರ ಬಂದು, ಮೋಡದ ಕುಲುಕಾಟದಲ್ಲಿ ವಿಮಾನ ವೇಗ ಕಳೆದುಕೊಳ್ಳುತ್ತದೆ.

ಸಮದೂರವಲ್ಲ, ಸಮಹೊತ್ತು

ಎರಡು ನಿಲ್ದಾಣಗಳ ನಡುವೆ ಯಾವ ಬಿಂದುವಿನಿಂದ ಹಿಂದಕ್ಕೂ ಮುಂದಕ್ಕೂ ಒಂದೇ ಹೊತ್ತು ಹಿಡಿಯುತ್ತದೋ ಅದನ್ನು ಇಟಿಪಿ ಎನ್ನುತ್ತಾರೆ. ಅದಕ್ಕೆ ಮೊದಲು ತೊಂದರೆಯಾದರೆ ಹಿಂದಿರುಗಬೇಕು, ಆಮೇಲೆ ಆದರೆ ಮುಂದೆ ಹೋಗಬೇಕು. ಸೂತ್ರ ಒಂದೇ: ಒಟ್ಟು ದೂರವನ್ನು ಹಿಂದಿರುಗುವ ನೆಲವೇಗದಿಂದ ಗುಣಿಸಿ, ಹೋಗುವ ಮತ್ತು ಹಿಂದಿರುಗುವ ನೆಲವೇಗಗಳ ಮೊತ್ತದಿಂದ ಭಾಗಿಸಿ. ವೇಗ ಒಂದು ಎಂಜಿನ್ ಮಾತ್ರ ಓಡುವಾಗಿನದಾಗಿರಬೇಕು, ಗಾಳಿಯೂ ಆಗ ಹಾರುವ ಕೆಳ ಎತ್ತರದ್ದು.

ಶ್ರೀಲಂಕಾದ ಮತ್ತಲದಿಂದ ಕೋಕೋಸ್‌ಗೆ ಸುಮಾರು 1,450 ಮೈಲಿ. ಮುಂದಕ್ಕೆ 420 ನಾಟ್, ಹಿಂದಕ್ಕೆ 380 ನಾಟ್ ಸಿಗುವುದಾದರೆ 1,450 ಗುಣಿಸು 380, ಭಾಗಿಸು 800: ಸುಮಾರು 689. ಮತ್ತಲದಿಂದ 689 ಮೈಲಿಯವರೆಗೆ ಶ್ರೀಲಂಕಾ, ಆಮೇಲೆ ಕೋಕೋಸ್. ಹಿಂಗಾಳಿ ಇದ್ದಾಗ ಬಿಂದು ಹೊರಟ ಕಡೆಗೆ ಸರಿಯುತ್ತದೆ. ಎರಡನೆಯದು ಕೋಕೋಸ್ ಮತ್ತು ಲಿಯರ್‌ಮಂತ್ ನಡುವೆ, ದೂರ ಸುಮಾರು 1,155 ಮೈಲಿ. ಇವೆರಡನ್ನೂ ನಕ್ಷೆಯಲ್ಲಿ ಗುರುತಿಸಿ, ಎಂಸಿಡಿಯುನ ಫಿಕ್ಸ್ ಪುಟದಲ್ಲಿ ಮತ್ತಲ ಹಾಗೂ ಕೋಕೋಸ್ ಸುತ್ತ ವೃತ್ತ ಎಳೆದಿಡಿ. ಎ330ಗೆ 180 ನಿಮಿಷದ, ಹಾಗೂ 2009ರಿಂದ 240 ನಿಮಿಷದ ಇಟಾಪ್ಸ್ ಅನುಮೋದನೆಯೂ ಉಂಟು, ಅಂದರೆ ಎರಡೆಂಜಿನ್ ವಿಮಾನ ಇಳಿಯುವ ಜಾಗದಿಂದ ಒಂದೇ ಎಂಜಿನ್‌ನಲ್ಲಿ ಅಷ್ಟು ಹೊತ್ತು ಹಿಡಿಯುವ ದೂರದವರೆಗೆ ಹೋಗಬಹುದು. ಈ ದಾರಿಯಲ್ಲಿ ಎಲ್ಲಿಂದಲೂ ಎರಡು ಗಂಟೆಯೊಳಗೆ ಒಂದು ರನ್‌ವೇ ಸಿಗುತ್ತದೆ.

ಎಂಜಿನ್ ನಿಂತರೆ ಮಾಡಬೇಕಾದದ್ದನ್ನು ಒಮ್ಮೆಯಾದರೂ ಬೇಕೆಂದೇ ಮಾಡಿ ನೋಡಿ. ಮೊದಲು ಕನಿಷ್ಠ 30 ಡಿಗ್ರಿ ತಿರುಗಿ ದಾರಿಯಿಂದ 5 ಮೈಲಿ ಪಕ್ಕಕ್ಕೆ ಸರಿಯಿರಿ, ಸಮಾನಾಂತರವಾಗಿ ಹೋಗುತ್ತ 29,000 ಅಡಿಗಿಂತ ಕೆಳಗೆ ಇಳಿಯಿರಿ, ಆಮೇಲೆ ದ್ವೀಪದ ಕಡೆ ತಿರುಗಿ. ಕ್ಯಾಬಿನ್ ಒತ್ತಡ ಹೋದರೆ 10,000 ಅಡಿಗೆ ಇಳಿಯಬೇಕು, ಅಲ್ಲಿ ಮೈಲಿಗೆ ಸುಡುವ ಇಂಧನ ಬಹಳ ಹೆಚ್ಚು. ಒಂದೂವರೆ ಪಟ್ಟು ಹಿಡಿದು ಲೆಕ್ಕ ಹಾಕಿ.

ಮನೆಯ ಕಡೆಯ ಸಿದ್ಧತೆ

ಏಪ್ರಿಲ್, ಮೇ ತಿಂಗಳ ಗುಡುಗು-ಸಿಡಿಲು ನಮ್ಮಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಶುರುವಾಗುತ್ತದೆ. ಹಾಗಾಗಿ ಬೆಳಗ್ಗೆ 5:30ಕ್ಕೆ ಹೊರಡಿ. ಅದು ಯುಟಿಸಿಯಲ್ಲಿ, ಅಂದರೆ ವಿಮಾನಗಳು ಬಳಸುವ ಜಾಗತಿಕ ಸಮಯದಲ್ಲಿ, ಸರಿಯಾಗಿ ಸೊನ್ನೆ ಗಂಟೆ, ದಾಖಲೆ ಬರೆಯಲೂ ಸುಲಭ. 00:15ಕ್ಕೆ ಏರಿದರೆ 08:05ಕ್ಕೆ ಪರ್ತ್: ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1:35, ಅಲ್ಲಿ ಸಂಜೆ 4:05. ನಡುವೆ ಸಿಡಿಲು ಬಂದರೆ ಹಾರಾಟ ಬಿಟ್ಟುಕೊಡಿ. ಕರೆಂಟಿನ ಪ್ಲಗ್ ಜೊತೆ ರೌಟರ್‌ನಿಂದ ಬರುವ ಕೇಬಲ್ಲನ್ನೂ ಕೀಳಿ, ಯಂತ್ರಗಳು ಸುಡುವುದು ಎಷ್ಟೋ ಸಲ ಆ ದಾರಿಯಲ್ಲೇ.

600 ವಿಎ ಯುಪಿಎಸ್‌ನಲ್ಲಿರುವುದು ಸಾಮಾನ್ಯವಾಗಿ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿ. ಗೇಮಿಂಗ್ ಕಂಪ್ಯೂಟರಿಗೆ ಅದು ಕೆಲವೇ ನಿಮಿಷ, ಸೇವ್ ಮಾಡಿ ಮುಚ್ಚಲು ಮಾತ್ರ. ಮನೆಯ ಇನ್ವರ್ಟರಿಗೆ 150 ಆಂಪ್-ಅವರ್ ಬ್ಯಾಟರಿ ಇದ್ದು, ಅದು ಹೊಸದಾಗಿದ್ದು, ಕಂಪ್ಯೂಟರೂ ಮಾನಿಟರೂ ಸೇರಿ 400 ವಾಟ್ ಎಳೆದರೆ ಸುಮಾರು ಮೂರು ಗಂಟೆ ಸಿಗುತ್ತದೆ. ಎರಡು ಷರತ್ತು: ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಬೇಕು, ಮತ್ತು ಯುಪಿಎಸ್-ಇಕೋ ಸ್ವಿಚ್ಚು ಇದ್ದರೆ ಯುಪಿಎಸ್ ಕಡೆಗಿರಬೇಕು. ಇಕೋದಲ್ಲಿದ್ದರೆ ಬದಲಾಗುವ ಗಳಿಗೆಯಲ್ಲೇ ಕಂಪ್ಯೂಟರ್ ಮತ್ತೆ ಶುರುವಾಗಿಬಿಡುತ್ತದೆ.

ಮಳೆಗಾಲದ ತೇವ ಜಾಯ್‌ಸ್ಟಿಕ್ಕಿಗೂ ಹಿಡಿಯುತ್ತದೆ. ಒಳಗೆ ಅಲುಗಾಟ ಅಳೆಯುವ ಪೊಟೆನ್ಶಿಯೋಮೀಟರ್ ಹಠಾತ್ತನೆ ತಪ್ಪು ಅಂಕಿ ಕಳಿಸಿದರೆ, ಏರ್‌ಬಸ್‌ನಲ್ಲಿ ಅದನ್ನು ಪೈಲಟ್ ಕೈಹಾಕಿದರೆಂದೇ ತಿಳಿದು ಆಟೋಪೈಲಟ್ ಬಿಟ್ಟುಹೋಗುತ್ತದೆ. ಡೆಡ್ ಝೋನ್ (ಸಣ್ಣ ಅಲುಗಾಟ ಲೆಕ್ಕಕ್ಕೆ ಬಾರದ ನಡುಭಾಗ) ಶೇ. 5ರಿಂದ 8 ಇಡಿ, ಬಳಸದಾಗ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ.

ಸೇವ್ ಮಾಡಿದ ಹಾರಾಟವನ್ನು ಪೂರ್ತಿ ನಂಬಬೇಡಿ, ಹಲವು ವಿಮಾನಗಳಲ್ಲಿ ಎಂಸಿಡಿಯುನ ಒಳಗಿನದು ಮರಳುವುದಿಲ್ಲ. ಪ್ರತಿ ಬಿಂದುವಿನಲ್ಲಿ ಐದು ಸಂಗತಿ ಪುಸ್ತಕದಲ್ಲಿ ಬರೆಯಿರಿ: ಹೊತ್ತು, ಜಾಗ, ಎತ್ತರ, ಉಳಿದ ಇಂಧನ, ಮುಂದಿನ ಬಿಂದು. ಇಷ್ಟಿದ್ದರೆ ಕರೆಂಟು ಬಂದ ಮೇಲೆ ವಿಮಾನವನ್ನು ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಇಟ್ಟು ಮುಂದುವರಿಸಬಹುದು.

ನೀರಿನ ಮೇಲೆ

ಕರಾವಳಿ ಬಿಟ್ಟ ಮೇಲೆ ದಾರಿಯ ಬಲಕ್ಕೆ ಒಂದು ಅಥವಾ ಎರಡು ಮೈಲಿ ಸರಿದು ಹಾರುವುದು ನಿಜ ಪೈಲಟ್‌ಗಳ ಪದ್ಧತಿ. ಜಿಪಿಎಸ್ ಎಲ್ಲರನ್ನೂ ಒಂದೇ ಗೆರೆಯ ಮೇಲೆ ಕರಾರುವಾಕ್ಕಾಗಿ ಇಡುವುದರಿಂದ, ಎತ್ತರದಲ್ಲಿ ಯಾರಾದರೂ ತಪ್ಪಿದರೆ ನೇರ ಎದುರುಬದುರಾಗಬಾರದು ಎಂದು. ಎಡಕ್ಕೆ ಎಂದೂ ಬೇಡ. ರೇಡಿಯೋ ಚೆನ್ನೈ, ಕೊಲಂಬೊ, ಆಮೇಲೆ ಮೆಲ್ಬರ್ನ್ ವಲಯಗಳಿಗೆ ಹೋಗುತ್ತದೆ. ಸಿಮ್ಯುಲೇಟರ್‌ನ ಸ್ವಂತ ಎಟಿಸಿಗೆ (ವಾಯು ಸಂಚಾರ ನಿಯಂತ್ರಣ) ಸಾಗರದ ಪದ್ಧತಿ ಬಾರದು, ಆಫ್ ಮಾಡಿಬಿಡಿ. ಜನರೇ ನಿಯಂತ್ರಕರಾಗಿ ಕೂರುವ ಆನ್‌ಲೈನ್ ಜಾಲ ವ್ಯಾಟ್‌ಸಿಮ್‌ನಲ್ಲಿ ಹಾರುವವರು ಒಂದು ನಿಯಮ ನೆನಪಿಡಿ: ಅರ್ಧ ಗಂಟೆಗಿಂತ ಹೆಚ್ಚು ಕುರ್ಚಿ ಬಿಟ್ಟು ಹೋಗುವಂತಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಕಣಕ್ಕೆ ಹೋಗಿ ಬರುತ್ತೇನೆನ್ನುವವರಿಗೆ ಅದು ಆಗದು.

ಸಮಭಾಜಕದ ಬಳಿ ಗುಡುಗುಮೋಡದ ಸಾಲು ಎದುರಾಗುತ್ತದೆ. 80 ಮೈಲಿ ದೂರದಲ್ಲಿರುವಾಗಲೇ ಯಾವ ಕಡೆ ಬಳಸುವುದೆಂದು ತೀರ್ಮಾನಿಸಿ. ಅನುಮತಿ ಸಿಗದೆ 5 ಮೈಲಿಗಿಂತ ಹೆಚ್ಚು ಸರಿಯಬೇಕಾದರೆ, ಮೂಡಣಕ್ಕೆ ಹೋಗುವ ವಿಮಾನ ಎಡಕ್ಕೆ ಸರಿದಾಗ 300 ಅಡಿ ಇಳಿಯಬೇಕು, ಬಲಕ್ಕೆ ಸರಿದಾಗ 300 ಅಡಿ ಏರಬೇಕು. ಕಾಲದ ವೇಗ ಹೆಚ್ಚಿಸುವವರು ನೇರ ಭಾಗದಲ್ಲಿ ಮಾತ್ರ, ಅದೂ ಎರಡು ಪಟ್ಟು, ಹೆಚ್ಚೆಂದರೆ ನಾಲ್ಕು ಪಟ್ಟು. ಬಿಂದುವಿಗೆ 20 ಮೈಲಿ ಇರುವಾಗ ಒಂದಕ್ಕೆ ಇಳಿಸದಿದ್ದರೆ ಆಟೋಪೈಲಟ್ ತಿರುವಿನಲ್ಲಿ ಹೊಯ್ದಾಡುತ್ತದೆ.

ಕೋಕೋಸ್ ಬಳಿ ಇಡೀ ಹಾರಾಟದ ದೊಡ್ಡ ತೀರ್ಮಾನ. ಯೋಜನೆಯ ಪ್ರಕಾರ ಅಲ್ಲಿ 34 ಟನ್ ಉಳಿದಿರಬೇಕು. ಪರ್ತ್‌ಗೆ 19.7, ಅದರ ಶೇ. 5 ಎಂದು 1, ಲಿಯರ್‌ಮಂತ್‌ಗೆ 8, ಕೊನೆಯ ಮೀಸಲು 2.5. ಒಟ್ಟು 31.2. ಈ ಅಂಕಿಯನ್ನು ಹಾಳೆಯ ಮೇಲೆ ದಪ್ಪಗೆ ಬರೆದಿಟ್ಟುಕೊಳ್ಳಿ. 31.2ಕ್ಕಿಂತ ಹೆಚ್ಚಿದ್ದರೆ ಮುಂದುವರಿಯಿರಿ. ಕಡಿಮೆಯಿದ್ದರೆ ಪರ್ತ್‌ನ ಹವಾಮಾನ ನೋಡಿ. ಮಂಜು, ಮಳೆಮೋಡ ಇದ್ದರೆ ನೇರ ಲಿಯರ್‌ಮಂತ್‌ಗೆ ತಿರುಗಿ, ಅದಕ್ಕೆ ಸುಮಾರು 14.5 ಟನ್ ಸಾಕು. 17ಕ್ಕಿಂತ ಕಡಿಮೆಯಿದ್ದರೆ ಕೋಕೋಸ್‌ನಲ್ಲೇ ಇಳಿಯುವುದು.

ಪರ್ತ್

ತಲುಪಲು ಒಂದು ಗಂಟೆ ಇರುವಾಗಲೇ ಇಳಿಯುವ ಸಿದ್ಧತೆ ಮುಗಿಸಿ. ಕೊನೆಯ ಇಪ್ಪತ್ತು ನಿಮಿಷಕ್ಕೆ ಬಿಟ್ಟರೆ ದಣಿದ ತಲೆ ಏನಾದರೊಂದು ಮರೆಯುತ್ತದೆ. ಸಾವಿರ ಅಡಿಗೆ 3 ಮೈಲಿಯಂತೆ 37,000 ಅಡಿಗೆ 111, ವೇಗ ಇಳಿಸಲು ಇನ್ನು 15. ಅಂದರೆ ಸುಮಾರು 125 ಮೈಲಿ ಇರುವಾಗ ಇಳಿಯಲು ಶುರು. ಆಸ್ಟ್ರೇಲಿಯಾದಲ್ಲಿ ಆಲ್ಟಿಮೀಟರನ್ನು ಸ್ಥಳೀಯ ಒತ್ತಡಕ್ಕೆ ಬದಲಿಸುವುದು ಇಳಿಯುತ್ತ 11,000 ಅಡಿ ಮಟ್ಟದಲ್ಲಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ನೈಋತ್ಯದಿಂದ ಬರುವ ಕಡಲಗಾಳಿಯನ್ನು ಅಲ್ಲಿನವರು ಫ್ರೀಮಾಂಟಲ್ ಡಾಕ್ಟರ್ ಎನ್ನುತ್ತಾರೆ. ಅದು ಬೀಸುತ್ತಿದ್ದರೆ 3,444 ಮೀಟರ್‌ನ ರನ್‌ವೇ 21 ನಿರೀಕ್ಷಿಸಿ. ಬೆಂಗಳೂರು ಸಮುದ್ರಮಟ್ಟದಿಂದ 3,000 ಅಡಿ, ಪರ್ತ್ 67 ಅಡಿ. ಅದೇ ಸೂಚಿತ ವೇಗಕ್ಕೆ ನೆಲವೇಗ ಇಲ್ಲಿ ಕಡಿಮೆ.

ನಿಂತ ಮೇಲೆ ಉಳಿದ ಇಂಧನವನ್ನು ಯೋಜನೆಯೊಂದಿಗೆ ಹೋಲಿಸಿ. 45.5 ಟನ್ ಬದಲು 47.3 ಸುಟ್ಟಿದ್ದರೆ, ಗಾಳಿ ಹಾಳೆಯಲ್ಲಿದ್ದಂತೆಯೇ ಇದ್ದಿದ್ದರೆ, ನಿಮ್ಮ ಸಿಮ್ಯುಲೇಟರ್‌ನ ವಿಮಾನ ಶೇ. 4ರಷ್ಟು ಹೆಚ್ಚು ಕುಡಿಯುತ್ತದೆ ಎಂದರ್ಥ. ಸಿಮ್‌ಬ್ರೀಫ್‌ನ ವಿಮಾನ ವಿವರದಲ್ಲಿ ಫ್ಯುಯೆಲ್ ಫ್ಯಾಕ್ಟರ್ ಎಂಬ ಕಡೆ ಪಿ04 ಎಂದು ತುಂಬಿಸಿಡಿ. ಸಿಡ್ನಿಯ ಯೋಜನೆ ಹಾಕುವಾಗ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.